ಎನ್‌ಬಿಎ ಸೇರಲು ಕಾಲೇಜು ಬೇಕೇ ಬೇಕಾ? ಸಂಬಳ ಕೊಡುವ ಬೇರೆ ದಾರಿಗಳ ಕಥೆ

ಓದುಗರ ಪ್ರಶ್ನೆ: ಅಮೆರಿಕದಲ್ಲಿ ಹೈಸ್ಕೂಲ್ ಮುಗಿಸಿದ ಅತಿ ಒಳ್ಳೆಯ ಬಾಸ್ಕೆಟ್‌ಬಾಲ್ ಹುಡುಗರು ಒಂದು ವರ್ಷದ ಮಟ್ಟಿಗೆ ಕಾಲೇಜು ಸೇರಿ, ಆಮೇಲೆ ಅಲ್ಲಿನ ದೊಡ್ಡ ವೃತ್ತಿಪರ ಲೀಗ್ ಎನ್‌ಬಿಎಗೆ ಹೋಗುತ್ತಾರೆ. ಅದರ ಬದಲು ದುಡ್ಡು ಕೊಡುವ ಬೇರೆ ಕಡೆ ಆಡಬಹುದು ಅಂತ ಕೇಳಿದ್ದೆವು. ಆ ದಾರಿಗಳು ಈಗಲೂ ಇವೆಯಾ?

ಕೆಲವು ಇವೆ, ಕೆಲವು ಮುಚ್ಚಿಹೋಗಿವೆ. ಮುಚ್ಚಿದ್ದಕ್ಕೆ ದೊಡ್ಡ ಕಾರಣ, ಈಗ ಕಾಲೇಜೇ ದುಡ್ಡು ಕೊಡುತ್ತಿದೆ.

ಮೊದಲು ಆ ಒಂದು ವರ್ಷದ ವಿಷಯ. ಹಿಂದೆ ಹೈಸ್ಕೂಲ್‌ನಿಂದ ನೇರವಾಗಿ ಎನ್‌ಬಿಎಗೆ ಹೋಗಬಹುದಿತ್ತು. ಕೆವಿನ್ ಗಾರ್ನೆಟ್ 1995ರಲ್ಲಿ, ಕೋಬಿ ಬ್ರಯಂಟ್ 1996ರಲ್ಲಿ, ಲೆಬ್ರಾನ್ ಜೇಮ್ಸ್ 2003ರಲ್ಲಿ ಹೋದದ್ದು ಹಾಗೆಯೇ. 2005ರಲ್ಲಿ ಲೀಗ್ ಮತ್ತು ಆಟಗಾರರ ಸಂಘ ಹೊಸ ಒಪ್ಪಂದ ಮಾಡಿಕೊಂಡವು. ಡ್ರಾಫ್ಟ್ ಅಂದರೆ ಎನ್‌ಬಿಎ ತಂಡಗಳು ಪ್ರತಿ ವರ್ಷ ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಕ್ರಮ. ಅದು ನಡೆಯುವ ವರ್ಷದಲ್ಲಿ ಆಟಗಾರನಿಗೆ 19 ತುಂಬಬೇಕು. ಅಮೆರಿಕದ ಹುಡುಗನಾದರೆ ಹೈಸ್ಕೂಲ್ ಮುಗಿದು ಒಂದು ವರ್ಷವೂ ಆಗಿರಬೇಕು. 2006ರ ಡ್ರಾಫ್ಟ್‌ನಿಂದ ಇದು ಜಾರಿಗೆ ಬಂತು.

ಆ ಒಂದು ವರ್ಷ ಎಲ್ಲಿ ಕಳೆಯಬೇಕು ಅಂತ ನಿಯಮ ಹೇಳುವುದಿಲ್ಲ. ಕಾಲೇಜೇ ಆಗಬೇಕಿಲ್ಲ. ಆದರೂ ಹೆಚ್ಚಿನವರು ಕಾಲೇಜಿಗೇ ಹೋದರು. ಅಲ್ಲಿ ಟಿವಿ ಪ್ರಸಾರ ಇದೆ, ಒಳ್ಳೆಯ ಕೋಚ್‌ಗಳಿದ್ದಾರೆ, ಕ್ರೀಡಾಂಗಣ ತುಂಬ ಜನ ಇರುತ್ತಾರೆ. ಇರದಿದ್ದದ್ದು ಸಂಬಳ. ಫೀಸು, ಹಾಸ್ಟೆಲ್, ಊಟದ ಖರ್ಚು ಮಾತ್ರ ಕಾಲೇಜಿನದು. ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ಟಿವಿ ಹಕ್ಕುಗಳಿಂದ ಕೋಟ್ಯಂತರ ಡಾಲರ್ ಗಳಿಸುತ್ತಿತ್ತು. ಕೋಚ್‌ಗಳಿಗೆ ವರ್ಷಕ್ಕೆ ಮಿಲಿಯನ್‌ಗಟ್ಟಲೆ ಸಿಗುತ್ತಿತ್ತು. ಬೆವರು ಸುರಿಸುವ ಹುಡುಗ ತನ್ನ ಹೆಸರಿನ ಜರ್ಸಿಯಿಂದಲೂ ಒಂದು ಡಾಲರ್ ಮುಟ್ಟುವಂತಿರಲಿಲ್ಲ. ಇದು ಅನ್ಯಾಯ ಅಂತಲೇ ನಾನು ಹೇಳುತ್ತೇನೆ. ಬೇರೆ ದಾರಿಗಳು ಹುಟ್ಟಿದ್ದು ಈ ಅನ್ಯಾಯದಿಂದ.

ಮೊದಲು ಧೈರ್ಯ ಮಾಡಿದವನು ಬ್ರಾಂಡನ್ ಜೆನಿಂಗ್ಸ್. 2008ರಲ್ಲಿ ಇಟಲಿಯ ರೋಮ್ ತಂಡ ಸೇರಿದ. ಅಲ್ಲಿ ಅವನಿಗೆ ಆಡಲು ಸಿಕ್ಕ ಸಮಯ ಕಡಿಮೆ. ಯುರೋಪಿನ ಕೋಚ್‌ಗೆ ಪಂದ್ಯ ಗೆಲ್ಲುವುದು ಮುಖ್ಯ. ಹದಿನೆಂಟರ ಹುಡುಗನನ್ನು ಬೆಳೆಸುವುದು ಅವನ ಕೆಲಸವಲ್ಲ, ಅಲ್ವಾ? ಆದರೂ 2009ರ ಡ್ರಾಫ್ಟ್‌ನಲ್ಲಿ ಮಿಲ್ವಾಕಿ ತಂಡ ಜೆನಿಂಗ್ಸ್‌ನನ್ನು 10ನೇ ಆಯ್ಕೆಯಾಗಿ ತೆಗೆದುಕೊಂಡಿತು. ಮೊದಲ ವರ್ಷವೇ ಒಂದು ಪಂದ್ಯದಲ್ಲಿ 55 ಪಾಯಿಂಟ್ ಹೊಡೆದ. ಆರು ವರ್ಷದ ನಂತರ ಇಮ್ಯಾನುಯೆಲ್ ಮುಡಿಯೇ ಚೀನಾದ ಗ್ವಾಂಗ್‌ಡಾಂಗ್ ತಂಡಕ್ಕೆ ಹೋದ. 2015ರಲ್ಲಿ 7ನೇ ಆಯ್ಕೆಯಾದ.

ಎಲ್ಲರದ್ದೂ ಹೀಗೆ ಆಗಲಿಲ್ಲ. ಜೆರಮಿ ಟೈಲರ್ 2009ರಲ್ಲಿ ಹೈಸ್ಕೂಲ್‌ನ ಕೊನೆಯ ವರ್ಷವನ್ನೇ ಬಿಟ್ಟು ಇಸ್ರೇಲ್‌ನ ಹೈಫಾಗೆ ಹೋದ. ಸೀಸನ್ ಮುಗಿಯುವ ಮೊದಲೇ ವಾಪಸು ಬಂದ. ಗೊತ್ತಿಲ್ಲದ ಭಾಷೆ, ದೊಡ್ಡವರ ತಂಡ, ಮನೆಯವರು ಸಾವಿರಾರು ಮೈಲಿ ದೂರ. ಆ ವಯಸ್ಸಿಗೆ ಇದು ಜಾಸ್ತಿಯೇ ಆಯಿತು.

ಆಸ್ಟ್ರೇಲಿಯಾದವರು ಇದನ್ನೆಲ್ಲ ಗಮನಿಸಿದಂತಿದೆ. ಅಲ್ಲಿನ ಲೀಗ್ ಎನ್‌ಬಿಎಲ್ 2018ರಲ್ಲಿ 'ನೆಕ್ಸ್ಟ್ ಸ್ಟಾರ್ಸ್' ಯೋಜನೆ ಶುರು ಮಾಡಿತು. ಇಂಗ್ಲಿಷ್ ಮಾತಾಡುವ ದೇಶ, ಗಟ್ಟಿಮುಟ್ಟಾದ ಆಟ, ಹುಡುಗನೊಂದಿಗೆ ಲೀಗ್‌ನದೇ ಒಪ್ಪಂದ. ಲಮೆಲೊ ಬಾಲ್ 2019ರಲ್ಲಿ ಇಲ್ಲವಾರ ಹಾಕ್ಸ್ ಸೇರಿದ. ಗಾಯದಿಂದ ಆಡಿದ್ದು 12 ಪಂದ್ಯ ಮಾತ್ರ. ಆದರೂ 2020ರಲ್ಲಿ 3ನೇ ಆಯ್ಕೆಯಾಗಿ, ಮರುವರ್ಷ ಎನ್‌ಬಿಎಯ ಅತ್ಯುತ್ತಮ ಹೊಸ ಆಟಗಾರ ಪ್ರಶಸ್ತಿ ಪಡೆದ. 2024ರಲ್ಲಿ 2ನೇ ಆಯ್ಕೆಯಾದ ಫ್ರಾನ್ಸ್‌ನ ಅಲೆಕ್ಸ್ ಸಾರ್ ಕೂಡ ಪರ್ತ್ ತಂಡದಿಂದ ಬಂದವನು.

ಅಮೆರಿಕದೊಳಗಿನ ಪ್ರಯತ್ನಗಳೇ ನನಗೆ ಹೆಚ್ಚು ಮುಖ್ಯ ಅನ್ನಿಸುತ್ತವೆ. 2018ರಲ್ಲಿ ಎನ್‌ಬಿಎಯ ಕೆಳಹಂತದ ಜಿ ಲೀಗ್, ಆಯ್ದ ಹುಡುಗರಿಗೆ 1,25,000 ಡಾಲರ್ ಕೊಡುವುದಾಗಿ ಹೇಳಿತು. ದೊಡ್ಡ ಹೆಸರು ಯಾವುದೂ ಬರಲಿಲ್ಲ. ಅದೇ ವರ್ಷ ಡೇರಿಯಸ್ ಬೇಜ್ಲಿ ಕಾಲೇಜು ಸೇರದೆ, ಎಲ್ಲೂ ಆಡದೆ, ನ್ಯೂ ಬ್ಯಾಲೆನ್ಸ್ ಶೂ ಕಂಪನಿಯಲ್ಲಿ ಇಂಟರ್ನ್ ಆದ. ಆ ಒಪ್ಪಂದದ ಖಾತ್ರಿ ಮೊತ್ತವೇ 10 ಲಕ್ಷ ಡಾಲರ್ ಅಂತ ವರದಿಯಾಯಿತು. ಮರುವರ್ಷ 23ನೇ ಆಯ್ಕೆಯಾದ.

2020ರಲ್ಲಿ ಜಿ ಲೀಗ್ ಕ್ರಮ ಬದಲಿಸಿತು. ಈ ಹುಡುಗರಿಗಾಗಿಯೇ 'ಇಗ್ನೈಟ್' ಅನ್ನುವ ತಂಡ ಕಟ್ಟಿತು. ಪಕ್ಕದಲ್ಲಿ ಅನುಭವಿ ಆಟಗಾರರನ್ನೂ ಇಟ್ಟಿತು. ಮೊದಲು ಸಹಿ ಹಾಕಿದ ಜೇಲನ್ ಗ್ರೀನ್‌ಗೆ ಸುಮಾರು 5 ಲಕ್ಷ ಡಾಲರ್, ಅಂದರೆ ಇವತ್ತಿನ ಲೆಕ್ಕದಲ್ಲಿ 4 ಕೋಟಿ ರೂಪಾಯಿಗೂ ಮಿಗಿಲು ಅಂತ ಸುದ್ದಿಯಾಯಿತು. 2021ರಲ್ಲಿ ಅವನು 2ನೇ ಆಯ್ಕೆ, ಜತೆಯ ಜಾನಥನ್ ಕುಮಿಂಗಾ 7ನೇ ಆಯ್ಕೆ. 2023ರಲ್ಲಿ ಸ್ಕೂಟ್ ಹೆಂಡರ್ಸನ್ 3ನೇ ಆಯ್ಕೆ. ಅದೇ ಕಾಲಕ್ಕೆ ಅಟ್ಲಾಂಟಾದಲ್ಲಿ 'ಓವರ್‌ಟೈಮ್ ಎಲೀಟ್' ಶುರುವಾಗಿತ್ತು. ಹೈಸ್ಕೂಲ್ ವಯಸ್ಸಿನವರಿಗೇ ಕನಿಷ್ಠ 1 ಲಕ್ಷ ಡಾಲರ್ ಸಂಬಳ. ವೃತ್ತಿ ಆಟಗಾರ ಆಗದಿದ್ದರೆ ಮುಂದೆ ಓದಲು ಇನ್ನೂ 1 ಲಕ್ಷ. ಅಲ್ಲಿ ಆಡಿದ ಅವಳಿ ಅಣ್ಣತಮ್ಮ ಆಮೆನ್ ಮತ್ತು ಆಸಾರ್ ಥಾಂಪ್ಸನ್ 2023ರ ಡ್ರಾಫ್ಟ್‌ನಲ್ಲಿ 4 ಮತ್ತು 5ನೆಯವರಾದರು.

ಸುದ್ದಿಯಲ್ಲಿ ಇಂಥ ಹೆಸರುಗಳೇ ಕಾಣುತ್ತವೆ. ಅದೇ ಮೊದಲ ಇಗ್ನೈಟ್ ತಂಡದಲ್ಲಿ ಡೇಶನ್ ನಿಕ್ಸ್ ಕೂಡ ಇದ್ದ. ಯುಸಿಎಲ್‌ಎ ಕಾಲೇಜಿಗೆ ಬರುತ್ತೇನೆ ಅಂತ ಒಪ್ಪಿ, ಆಮೇಲೆ ಮನಸ್ಸು ಬದಲಿಸಿದ್ದ. 2021ರ ಡ್ರಾಫ್ಟ್‌ನಲ್ಲಿ ಅವನನ್ನು ಯಾರೂ ಕರೆಯಲಿಲ್ಲ. ಆಮೇಲೆ ಬೇರೆ ದಾರಿಯಲ್ಲಿ ಎನ್‌ಬಿಎ ಮುಟ್ಟಿದ, ನಿಜ. ಆದರೆ ಕಾಲೇಜಿನಲ್ಲಿ ಆಡುವವನಿಗೆ ಮೊದಲ ವರ್ಷ ಕೈಕೊಟ್ಟರೆ ಎರಡನೇ ವರ್ಷ ಇರುತ್ತದೆ. ಸಂಬಳ ತೆಗೆದುಕೊಂಡವನಿಗೆ ಆಗಿನ ನಿಯಮದಲ್ಲಿ ಕಾಲೇಜು ಆಟದ ಬಾಗಿಲು ಮುಚ್ಚಿಹೋಗುತ್ತಿತ್ತು. ಜಿ ಲೀಗ್‌ನ ಮಾಮೂಲಿ ಸಂಬಳ ಸೀಸನ್ನಿಗೆ ಸುಮಾರು 40 ಸಾವಿರ ಡಾಲರ್. ಎನ್‌ಬಿಎಯಲ್ಲಿ ಹೊಸಬನಿಗೂ ಕನಿಷ್ಠ 10 ಲಕ್ಷ ಡಾಲರ್ ದಾಟುತ್ತದೆ. ಮಗನನ್ನು ಇಂಥ ದಾರಿಗೆ ಕಳಿಸುವ ಅಪ್ಪ ಅಮ್ಮ ಮೊದಲ ವರ್ಷದ ಸಂಬಳಕ್ಕಿಂತ ಜಾಸ್ತಿ ಯೋಚಿಸಬೇಕಾದದ್ದು ಇದನ್ನೇ: ಡ್ರಾಫ್ಟ್ ಆಗದಿದ್ದರೆ ಮರುದಿನ ಹುಡುಗ ಎಲ್ಲಿರುತ್ತಾನೆ?

ಇಷ್ಟರಲ್ಲಿ ಕಾಲೇಜಿನ ನೆಲವೇ ಅಲುಗಿತು. 2021ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಓದಿಗೆ ಸಂಬಂಧಿಸಿದ ಸೌಲಭ್ಯಗಳಿಗೆ ಎನ್‌ಸಿಎಎ ಹಾಕಿದ್ದ ಮಿತಿ ಸಲ್ಲದು ಅಂತ ಒಮ್ಮತದ ತೀರ್ಪು ಕೊಟ್ಟಿತು. ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಮುಖ, ಜನಪ್ರಿಯತೆಯಿಂದ ಜಾಹೀರಾತು ಹಣ ಗಳಿಸಲು ಎನ್‌ಸಿಎಎ ಬಿಟ್ಟಿತು. ಅದಕ್ಕೆ ಅಲ್ಲಿ ಎನ್‌ಐಎಲ್ ಅನ್ನುತ್ತಾರೆ. 2025ರ ಜೂನ್‌ನಲ್ಲಿ ಇನ್ನೊಂದು ಮೊಕದ್ದಮೆಯ ರಾಜಿ ಒಪ್ಪಂದಕ್ಕೆ ನ್ಯಾಯಾಲಯ ಒಪ್ಪಿತು. ಈಗ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. 2025-26ರಲ್ಲಿ ಒಂದು ಕಾಲೇಜು ತನ್ನ ಎಲ್ಲ ಕ್ರೀಡೆಗಳಿಗೂ ಸೇರಿ ಸುಮಾರು 2.05 ಕೋಟಿ ಡಾಲರ್‌ವರೆಗೆ ಕೊಡಬಹುದಿತ್ತು. ಎ.ಜೆ. ಡಿಬಾನ್ಸಾ ಯೂಟಾದ ಬಿವೈಯು ಕಾಲೇಜಿಗೆ ಬರುವಾಗ ಒಟ್ಟು 70 ಲಕ್ಷ ಡಾಲರ್ ಆಸುಪಾಸಿನ ಮಾತು ಕೇಳಿಬಂತು.

ಇದರ ಮುಂದೆ ಇಗ್ನೈಟ್‌ನ 5 ಲಕ್ಷ ಯಾವ ಲೆಕ್ಕ? ಕೊನೆಯ ಸೀಸನ್‌ನಲ್ಲಿ ಆ ತಂಡ 34 ಪಂದ್ಯಗಳಲ್ಲಿ ಗೆದ್ದದ್ದು 2. 2024ರಲ್ಲಿ ಮುಚ್ಚಿತು. ಓವರ್‌ಟೈಮ್ ಇನ್ನೂ ಇದೆ. ಆದರೆ ಕಾಲೇಜಿನ ಅರ್ಹತೆ ಉಳಿಸಿಕೊಳ್ಳಲು ಸಂಬಳ ಬೇಡ ಅನ್ನುವವರಿಗೂ ಅಲ್ಲಿ ಜಾಗ ಕೊಡುತ್ತಾರೆ. ಅಲ್ಲಿಂದ ಕೆಂಟಕಿ ಕಾಲೇಜಿಗೆ ಹೋದ ರಾಬ್ ಡಿಲಿಂಗ್‌ಹ್ಯಾಮ್ 2024ರಲ್ಲಿ 8ನೇ ಆಯ್ಕೆಯಾದ. ಈಗ ಹರಿವು ಹಿಂದುಮುಂದಾಗಿದೆ. ಯುರೋಪಿನ ಕ್ಲಬ್‌ಗಳ ಹುಡುಗರೇ ಅಮೆರಿಕದ ಕಾಲೇಜಿಗೆ ಬರುತ್ತಿದ್ದಾರೆ. ಬಾರ್ಸಿಲೋನಾದ ಕಾಸ್ಪರಸ್ ಯಾಕುಚೊನಿಸ್ ಇಲಿನಾಯ್ ಸೇರಿ, 2025ರಲ್ಲಿ 20ನೇ ಆಯ್ಕೆಯಾದ. ಇಗ್ನೈಟ್‌ನಲ್ಲಿ ಸಂಬಳಕ್ಕೆ ಆಡಿದ್ದ ತಿಯರಿ ಡಾರ್ಲಾನ್‌ಗೂ 2025ರಲ್ಲಿ ಸಾಂಟಾ ಕ್ಲಾರಾ ಕಾಲೇಜು ಜಾಗ ಕೊಟ್ಟಿತು.

ಇಗ್ನೈಟ್ ಸೋತಿತು ಅನ್ನುವವರ ಮಾತು ನಾನು ಒಪ್ಪುವುದಿಲ್ಲ. 'ಕೊಡದಿದ್ದರೆ ಬೇರೆ ಕಡೆ ಹೋಗುತ್ತಾರೆ' ಅಂತ ಕಾಲೇಜುಗಳಿಗೆ ಕಣ್ಣಾರೆ ತೋರಿಸಿದ ತಂಡಗಳಲ್ಲಿ ಅದೂ ಒಂದು. ಕೋರ್ಟಿನಲ್ಲಿ ಹೋರಾಡಿದ ಆಟಗಾರರ ಪಾಲು ದೊಡ್ಡದು, ಆದರೆ ಈ ಹುಡುಗರ ಪಾಲೂ ಇದೆ.

ಹೆಣ್ಣುಮಕ್ಕಳ ಲೆಕ್ಕ ಬೇರೆ. ಡಬ್ಲ್ಯುಎನ್‌ಬಿಎ ಸೇರಲು ಅಮೆರಿಕದ ಹುಡುಗಿಗೆ ಸಾಮಾನ್ಯವಾಗಿ 22 ಆಗಬೇಕು. 2024ರಲ್ಲಿ ಮೊದಲ ಆಯ್ಕೆಯಾದ ಕೇಟ್ಲಿನ್ ಕ್ಲಾರ್ಕ್‌ಗೆ ಲೀಗ್ ಕೊಟ್ಟ ಮೊದಲ ವರ್ಷದ ಸಂಬಳ 76,535 ಡಾಲರ್. ಕಾಲೇಜಿನಲ್ಲಿದ್ದಾಗಲೇ ಜಾಹೀರಾತಿನಿಂದ ಅದಕ್ಕಿಂತ ಎಷ್ಟೋ ಪಟ್ಟು ಸಿಗುತ್ತಿತ್ತು.

ನಮ್ಮವರ ವಿಷಯಕ್ಕೆ ಬಂದರೆ, ಕಾಲೇಜು ಮುಟ್ಟದೆ ಹೋದವರು ಇದ್ದಾರೆ. ಪಂಜಾಬಿನ ಸತ್ನಾಮ್ ಸಿಂಗ್ ಫ್ಲೋರಿಡಾದ ಐಎಂಜಿ ಅಕಾಡೆಮಿಯಿಂದ 2015ರಲ್ಲಿ ನೇರವಾಗಿ 52ನೇ ಆಯ್ಕೆಯಾದರು. ಡ್ರಾಫ್ಟ್ ಆದ ಮೊದಲ ಭಾರತೀಯ ಅವರೇ. ಪಂಜಾಬಿನವರೇ ಆದ ಪ್ರಿನ್ಸ್‌ಪಾಲ್ ಸಿಂಗ್ ಮೊದಲ ಇಗ್ನೈಟ್ ತಂಡದಲ್ಲಿದ್ದರು.

ಇಲ್ಲಿಂದ ಮಗನನ್ನೋ ಮಗಳನ್ನೋ ಕಳಿಸುವ ಆಸೆ ಇದ್ದವರು ಒಂದು ವಿಷಯ ಮೊದಲೇ ತಿಳಿದಿರಬೇಕು. ಸ್ಕಾಲರ್‌ಶಿಪ್ ಪಡೆಯಲು ವಿದ್ಯಾರ್ಥಿ ವೀಸಾ ಅಡ್ಡಿಯಲ್ಲ. ಆದರೆ ಎಫ್-1 ವೀಸಾದಲ್ಲಿ ದುಡಿಮೆಗೆ ಬಿಗಿಯಾದ ನಿರ್ಬಂಧ ಇದೆ. ಹಾಗಾಗಿ ಪಕ್ಕದ ಅಮೆರಿಕನ್ ಹುಡುಗನಿಗೆ ಸಿಗುವ ಜಾಹೀರಾತು ಹಣ ನಿಮ್ಮ ಮಗುವಿಗೆ ಸುಮ್ನೆ ಸಿಗುವುದಿಲ್ಲ. ಕಾಂಗೋ ದೇಶದ ಆಸ್ಕರ್ ಶೀಬ್ವೆ ಕೆಂಟಕಿಯಲ್ಲಿ ಆಡುವಾಗ, 2022ರಲ್ಲಿ ತಂಡ ಬಹಾಮಾಸ್‌ಗೆ ಹೋದ ಸಮಯ ನೋಡಿಕೊಂಡು ಅಲ್ಲೇ ಜಾಹೀರಾತಿನ ಕೆಲಸ ಮುಗಿಸಿದ್ದ. ಹಣದ ಮಾತಿರುವ ಯಾವುದೇ ಕಾಗದಕ್ಕೆ ಸಹಿ ಹಾಕುವ ಮೊದಲು ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಕಚೇರಿಯನ್ನೂ ಒಬ್ಬ ವೀಸಾ ವಕೀಲರನ್ನೂ ಕೇಳಿ. ಏಜೆಂಟ್ ಬಾಯಿಮಾತಿನಲ್ಲಿ ಹೇಳಿದ್ದನ್ನು ನಂಬಿ ಹಾಕಬೇಡಿ.