ಶುರುವಿನಿಂದ ಶುರುವಿಗೆ: ಒಂಬತ್ತರಲ್ಲಿ ಬಿದ್ದವಳ ಲೆಕ್ಕದ ಪುಸ್ತಕ

ಇವತ್ತು ಜುಲೈ 24. ನನಗೆ 36 ವಾರ 2 ದಿನ. ಚೊಚ್ಚಲು. ಇರುವುದು ತೀರ್ಥಹಳ್ಳಿ ಕಡೆಯ ತವರಿನಲ್ಲಿ, ಹೆರಿಗೆಗೆ ಹೋಗಬೇಕಾದದ್ದು ಶಿವಮೊಗ್ಗಕ್ಕೆ. ಹೊರಗೆ ಮಳೆ ಹಿಡಿದು ಕೂತಿದೆ. ಕಲಿತದ್ದು ನನ್ನ ತಲೆಯಲ್ಲೇ ಗಟ್ಟಿಯಾಗಲಿ ಎಂದು ಬರೆಯುತ್ತಿದ್ದೇನೆ. ಮುಂದಿನ ಸರದಿಯವರಿಗೂ ಉಪಯೋಗಕ್ಕೆ ಬಂದೀತು. ಊಟ, ಕಬ್ಬಿಣದ ಮಾತ್ರೆ, ಎಡಮಗ್ಗುಲಲ್ಲಿ ಮಲಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ, ಬಿಡುತ್ತೇನೆ. ನಾನು ಎಡವಿದ್ದು ಲೆಕ್ಕದಲ್ಲಿ.

ತಿಂಗಳು, ವಾರ

ಮೊನ್ನೆ 36 ವಾರ ತುಂಬಿದಾಗ, ತಿಂಗಳಿಗೆ ನಾಲ್ಕು ವಾರ ಎಂದು ಭಾಗಿಸಿ ನೋಡಿದೆ. ಸರಿಯಾಗಿ 9! ಒಂಬತ್ತು ತಿಂಗಳು ತುಂಬಿಯೇ ಬಿಟ್ಟಿತು ಎಂದು ಎದೆ ಧಸಕ್ಕೆಂದಿತು. ಅಮ್ಮ ಕ್ಯಾಲೆಂಡರ್ ನೋಡಿ, "ಈಗ ಒಂಬತ್ತರಲ್ಲಿ ಬಿದ್ದಿದೆ ಅಷ್ಟೇ, ತುಂಬಿಲ್ಲ" ಎಂದಳು. ಅಮ್ಮನದೇ ಸರಿ. ನಾಲ್ಕು ವಾರ ಅಂದರೆ 28 ದಿನ. ಫೆಬ್ರವರಿ ಬಿಟ್ಟರೆ ಯಾವ ತಿಂಗಳೂ ಅಷ್ಟು ಚಿಕ್ಕದಿಲ್ಲ. ಆ ಎರಡು ಮೂರು ದಿನಗಳೇ ಸೇರಿ ಸೇರಿ ಒಂಬತ್ತು ತಿಂಗಳಿಗೆ ಮೂರು ವಾರವಾಗುತ್ತವೆ.

ಹೆರಿಗೆಯ ದಿನ ಕಂಡುಹಿಡಿಯಲು ನೇಗೆಲೆ ಎಂಬ ಜರ್ಮನ್ ವೈದ್ಯನ ಹೆಸರಿನ ಸೂತ್ರವಿದೆ: ಕೊನೆಯ ಮುಟ್ಟಿನ ಮೊದಲ ದಿನ ತಗೊಳ್ಳಿ, ಮೂರು ತಿಂಗಳು ಹಿಂದಕ್ಕೆ ಹೋಗಿ, ಏಳು ದಿನ ಕೂಡಿಸಿ, ವರ್ಷ ಮುಂದಕ್ಕೆ ಹಾಕಿ. ನನ್ನದು ನವೆಂಬರ್ 12. ಹಿಂದಕ್ಕೆ ಹೋದರೆ ಆಗಸ್ಟ್ 12, ಏಳು ಕೂಡಿಸಿದರೆ ಆಗಸ್ಟ್ 19. ಒಟ್ಟು 280 ದಿನ, 40 ವಾರ. ಅಂದರೆ ಒಂಬತ್ತು ತಿಂಗಳು ಏಳು ದಿನ. ಅಜ್ಜಿ ಮೊದಲಿಂದ ಹೇಳುವುದು "ಒಂಬತ್ತು ತಿಂಗಳು ಒಂಬತ್ತು ದಿನ". ಸೂತ್ರಕ್ಕೂ ಅಜ್ಜಿಗೂ ಇರುವ ಜಗಳ ಎರಡೇ ದಿನದ್ದು!

ಇಲ್ಲಿ ನನಗೆ ವಿಚಿತ್ರ ಅನ್ನಿಸಿದ್ದು, ಈ 40 ವಾರದಲ್ಲಿ ಮೊದಲ ಎರಡು ವಾರ ನಾನು ಬಸುರಿಯೇ ಆಗಿರಲಿಲ್ಲ. ಗರ್ಭ ನಿಂತ ದಿನ ಯಾರ ಕಣ್ಣಿಗೂ ಬೀಳುವುದಿಲ್ಲ, ಮುಟ್ಟು ಶುರುವಾದ ದಿನ ನೆನಪಿರುತ್ತದೆ. ಕಾಣುವ ಶುರುವನ್ನು ಹಿಡಿದು ಎಣಿಸುತ್ತಾರೆ. ಈ ಮಾತು ಕೆಳಗೆ ಮತ್ತೆ ಬರುತ್ತದೆ.

ಮುಟ್ಟು ಹೆಚ್ಚುಕಡಿಮೆ ಆಗುವವರಿಗೆ ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನ್ ಹೇಳಿದ ದಿನವೇ ಗಟ್ಟಿ. 32ನೇ ವಾರದ ಸ್ಕ್ಯಾನ್‌ನಲ್ಲಿ ನನಗೆ ಆಗಸ್ಟ್ 27 ಎಂದು ಬಂದು ಮನೆಯಲ್ಲಿ ಗಲಾಟೆಯಾಯಿತು. ಆ ಹೊತ್ತಿಗೆ ಮಕ್ಕಳ ಗಾತ್ರ ಬೇರೆ ಬೇರೆ ಇರುತ್ತದೆ, ಅದನ್ನು ನೋಡಿ ಮೊದಲಿನ ದಿನ ಬದಲಿಸುವುದಿಲ್ಲವಂತೆ. 37 ತುಂಬಿದ ಮೇಲೆ ಯಾವಾಗಲಾದರೂ ಆಗಬಹುದು, ಆಗಸ್ಟ್ 19ಕ್ಕೇ ಆಗಬೇಕೆಂದಿಲ್ಲ.

ನೋವಿನ ಲೆಕ್ಕ

ಇದನ್ನು ಉದ್ದ ಬರೆಯುತ್ತೇನೆ, ಕ್ಷಮಿಸಿ. ಈ ತಿಂಗಳ 9ನೇ ತಾರೀಖು ಗರ್ಭಿಣಿಯರ ತಪಾಸಣೆಗೆ ಹೋದಾಗ ಬೆಂಚಿನ ಮೇಲೆ ಕೂತಿದ್ದ ನಮಗೆಲ್ಲ ಸಿಸ್ಟರ್ 5-1-1 ಹೇಳಿಕೊಟ್ಟರು. ನೋವು 5 ನಿಮಿಷಕ್ಕೊಮ್ಮೆ, ಒಂದೊಂದೂ 1 ನಿಮಿಷದಷ್ಟು, ಹೀಗೇ 1 ಗಂಟೆ ನಡೆದರೆ ಆಸ್ಪತ್ರೆಗೆ. ಆಮೇಲೆ ಒಂದು ಲೆಕ್ಕ ಕೊಟ್ಟರು:

10:00ಕ್ಕೆ ನೋವು ಶುರು, 10:01ಕ್ಕೆ ಬಿಟ್ಟಿತು.
10:06ಕ್ಕೆ ಶುರು, 10:07ಕ್ಕೆ ಬಿಟ್ಟಿತು.

"ಎಷ್ಟು ನಿಮಿಷಕ್ಕೊಮ್ಮೆ ಬರ್ತಾ ಇದೆ?" ನಾನು ಮುಂದೆ ಬಿದ್ದು "ಐದು" ಅಂದೆ. 10:01ರಿಂದ 10:06, ನಡುವಿನ ಬಿಡುವು ಐದೇ ತಾನೆ? "ಅಲ್ಲಮ್ಮ, ಆರು" ಅಂದರು. ಎಣಿಸಬೇಕಾದದ್ದು ಒಂದು ನೋವಿನ ಶುರುವಿನಿಂದ ಮುಂದಿನ ನೋವಿನ ಶುರುವಿಗೆ. ನೋವು ಇದ್ದ ಹೊತ್ತೂ ಅದರೊಳಗೇ ಸೇರಿತು.

ಮನೆಗೆ ಬಂದರೂ ತಲೆಗೆ ಹೋಗಲಿಲ್ಲ. ಕೊನೆಗೆ ಬಿಡಿಸಿದ್ದು ಬಸ್ಸು. ನಮ್ಮೂರಿನ ಬಸ್ಸು ಅರ್ಧ ಗಂಟೆಗೊಂದು ಅಂದರೆ ಏನರ್ಥ? 7:00ಕ್ಕೆ ಒಂದು ಬಂತು, 7:30ಕ್ಕೆ ಇನ್ನೊಂದು ಬಂತು. ಮೊದಲನೆಯದು ಡ್ರೈವರ್ ಟೀ ಕುಡಿಯಲೆಂದು ಹತ್ತು ನಿಮಿಷ ನಿಂತಿತ್ತು ಎಂದು ಯಾರಾದರೂ "ಇಪ್ಪತ್ತು ನಿಮಿಷಕ್ಕೊಂದು ಬಸ್ಸು" ಅನ್ನುತ್ತಾರೆಯೇ? ಬಂದದ್ದರಿಂದ ಬಂದದ್ದಕ್ಕೆ ಎಣಿಸುತ್ತೇವೆ. ನೋವೂ ಹಾಗೇ.

ಶುರುವನ್ನೇ ಯಾಕೆ ಹಿಡಿಯಬೇಕು ಅನ್ನುವುದೂ ಆಮೇಲೆ ಹೊಳೆಯಿತು. ಹೊಟ್ಟೆ ಕಲ್ಲಿನಂತೆ ಬಿಗಿಯಲು ಶುರುವಾದದ್ದು ಗೊತ್ತಾಗುತ್ತದೆ. ಬಿಡುವುದು ಮಾತ್ರ ಮೆಲ್ಲಮೆಲ್ಲಗೆ, ಯಾವ ಕ್ಷಣಕ್ಕೆ ಮುಗಿಯಿತು ಎಂದು ಹೇಳುವುದು ಕಷ್ಟ. ಮುಟ್ಟಿನ ಲೆಕ್ಕದಲ್ಲೂ ಇದೇ ತಾನೆ ಆದದ್ದು?

ತಪ್ಪು ಎಣಿಸಿದರೆ ಏನಾಗುತ್ತದೆ? ನೋವು ಉದ್ದವಾದಷ್ಟೂ ತಪ್ಪು ದೊಡ್ಡದಾಗುತ್ತದೆ. ಒಂದೂವರೆ ನಿಮಿಷದ ನೋವು, ಶುರುವಿನಿಂದ ಶುರುವಿಗೆ 5 ನಿಮಿಷ ಅಂದುಕೊಳ್ಳಿ. ನನ್ನ ಹಳೇ ಪದ್ಧತಿಯಲ್ಲಿ ಅದು ಮೂರೂವರೆ. ನಾನು ಫೋನಿನಲ್ಲಿ "ಮೂರೂವರೆ" ಅಂದರೆ ಆ ಕಡೆಯವರು ಐದನ್ನು ಕಲ್ಪಿಸಿಕೊಳ್ಳುವುದಿಲ್ಲ. ಲೆಕ್ಕ ಇಬ್ಬರದೂ ಒಂದೇ ಇರಬೇಕು. ಆದ್ದರಿಂದ ಪುಸ್ತಕದಲ್ಲಿ ಎರಡೇ ಕಾಲಂ ಎಳೆದಿದ್ದೇನೆ: ಶುರುವಾದ ಹೊತ್ತು, ಎಷ್ಟು ಸೆಕೆಂಡು. ಮುಗಿದ ಹೊತ್ತಿನ ಕಾಲಂ ಹೊಡೆದುಹಾಕಿದೆ, ಅದು ಇದ್ದರೆ ಕಣ್ಣು ಅಲ್ಲಿಗೇ ಹೋಗುತ್ತದೆ.

5-1-1 ಆಸ್ಪತ್ರೆ ಹತ್ತಿರ ಇರುವವರಿಗೆ. ನಮ್ಮ ಮನೆಯಿಂದ ಮಳೆಗಾಲದಲ್ಲಿ ಎರಡು ಗಂಟೆ ದಾರಿ, ಮಂಡಗದ್ದೆ ದಾಟಿ ಹೋಗಬೇಕು, ಮರ ಬಿದ್ದರೆ ಅದೂ ಇಲ್ಲ. "ಹತ್ತು ನಿಮಿಷಕ್ಕೊಮ್ಮೆ ಲಯ ಹಿಡಿದರೆ ಹೊರಟುಬಿಡಿ" ಎಂದು ನನಗೆ ಡಾಕ್ಟರು ಹೇಳಿದ್ದಾರೆ. ನಿಮ್ಮ ದೂರಕ್ಕೆ ಎಷ್ಟು ಎಂದು ನಿಮ್ಮ ಡಾಕ್ಟರನ್ನು ಈಗಲೇ ಕೇಳಿಟ್ಟುಕೊಳ್ಳಿ.

ಸುಳ್ಳು ನೋವಿಗೆ ಲಯವಿಲ್ಲ. ಎದ್ದು ಓಡಾಡಿದರೆ, ನೀರು ಕುಡಿದರೆ, ಮಗ್ಗುಲು ಬದಲಿಸಿದರೆ ತಣ್ಣಗಾಗುತ್ತದೆ. ನಿಜವಾದದ್ದು ಏನು ಮಾಡಿದರೂ ಹತ್ತಿರ ಹತ್ತಿರ, ಉದ್ದ ಉದ್ದ, ಜೋರು ಜೋರಾಗುತ್ತದೆ.

ಎಣಿಸುತ್ತ ಕೂರಲೇಬಾರದ ಹೊತ್ತೂ ಇದೆ: ನೀರು ಹೋದರೆ (ಹೊತ್ತು, ಬಣ್ಣ ನೋಡಿಡಿ; ಹಸಿರು ಅಥವಾ ಕಂದು ಇದ್ದರೆ ಇನ್ನೂ ಅವಸರ), ರಕ್ತ ಹೋದರೆ, ವಿಪರೀತ ತಲೆನೋವು ಬಂದು ಕಣ್ಣು ಮಂಜಾದರೆ, ಮುಖ ಊದಿಕೊಂಡರೆ, 37 ತುಂಬುವ ಮೊದಲೇ ನೋವು ಲಯ ಹಿಡಿದರೆ, ಮಗುವಿನ ಮಿಸುಕಾಟ ಕಡಿಮೆಯಾದರೆ. ನೇರ ಹೊರಡುವುದು.

ಒದೆತದ ಲೆಕ್ಕ

ಸುಲಭ. ಊಟವಾದ ಮೇಲೆ ಎಡಮಗ್ಗುಲಾಗಿ ಮಲಗಿ ಎಣಿಸಿ. ಎರಡು ಗಂಟೆಯೊಳಗೆ ಹತ್ತು ಆಗಬೇಕು. ನನ್ನದು ಅರ್ಧ ಗಂಟೆಯಲ್ಲೇ ಮುಗಿಸುತ್ತದೆ, ರಾತ್ರಿಯಂತೂ ಕೇಳಲೇಬೇಡಿ. ಬಿಕ್ಕಳಿಕೆ ಲೆಕ್ಕಕ್ಕಿಲ್ಲ. "ದಿನ ಹತ್ತಿರ ಬಂದಾಗ ಜಾಗವಿಲ್ಲದೆ ಮಗು ಸುಮ್ಮನಾಗುತ್ತದೆ" ಎನ್ನುವುದನ್ನು ಪಕ್ಕದ ಮನೆಯವರಿಂದ ಹಿಡಿದು ಎಲ್ಲರೂ ಹೇಳಿದರು. ತಪ್ಪು. ಒದೆಯುವ ಬಗೆ ಬದಲಾಗಿ ಹೊರಳಿದಂತೆ ಅನ್ನಿಸಬಹುದು, ಕಡಿಮೆಯಾಗಬಾರದು. ಹತ್ತು ಆಗದಿದ್ದರೆ ಬೆಳಗಾಗಲಿ ಎಂದು ಕಾಯುವುದಲ್ಲ.

ಚೀಲ

ತಾಯಿ ಕಾರ್ಡ್, ಸ್ಕ್ಯಾನ್ ಮತ್ತು ರಕ್ತದ ರಿಪೋರ್ಟು, ಆಧಾರ್, ಬ್ಯಾಂಕ್ ಪಾಸ್‌ಬುಕ್ ಒಂದು ಪ್ಲಾಸ್ಟಿಕ್ ಕವರಿನಲ್ಲಿ. ಮುಂದೆ ಗುಂಡಿ ಇರುವ ನೈಟಿ ಮೂರು, ಪ್ಯಾಡು, ಫ್ಲಾಸ್ಕು, ಚಾರ್ಜರ್. ಮಗುವಿಗೆ ಕುಲಾವಿ, ಅಪ್ಪನ ಹಳೇ ಪಂಚೆ ಹರಿದ ಚೌಕಗಳು. ಹುಟ್ಟುವ ಮೊದಲು ಹೊಸ ಬಟ್ಟೆ ತರಬಾರದೆಂದು ಅಜ್ಜಿಯ ಕಟ್ಟಪ್ಪಣೆ; ಹಳೇ ಹತ್ತಿಯಷ್ಟು ಮೆತ್ತಗೆ ಯಾವುದೂ ಇಲ್ಲ, ಹಾಗಾಗಿ ನಾನು ವಾದಿಸಲಿಲ್ಲ. ಈ ಮಳೆಯಲ್ಲಿ ಬಟ್ಟೆ ಒಣಗುವುದು ಬಚ್ಚಲೊಲೆಯ ಮೇಲಿನ ತಂತಿಯಲ್ಲೇ. ಹೊಗೆ ವಾಸನೆ ಹೋಗಲೆಂದು ಮತ್ತೊಮ್ಮೆ ಒಗೆದು ಇಸ್ತ್ರಿ ಹಾಕಿಟ್ಟೆವು.

ವಾದಿಸಿದ್ದು ಜೇನುತುಪ್ಪಕ್ಕೆ. ಹುಟ್ಟಿದ ಮಗುವಿಗೆ ನೆಕ್ಕಿಸಬೇಕೆಂದು ಅಜ್ಜಿ, ಒಂದು ವರ್ಷ ತುಂಬುವವರೆಗೆ ಕೂಡದೆಂದು ನಾನು. ಮೊದಲ ಗಂಟೆಯೊಳಗೆ ಎದೆಹಾಲು, ಆ ಹಳದಿ ಹಾಲನ್ನು ಹಿಂಡಿ ಚೆಲ್ಲಬಾರದು ಎಂಬುದಕ್ಕೆ ಅಜ್ಜಿ ಒಪ್ಪಿದ್ದಾರೆ: "ಕರುವಿಗೆ ಗಿಣ್ಣು ಕುಡಿಸದೆ ಬಿಡ್ತೀವಾ?" ಜೇನಿನ ಮಾತುಕತೆ ಇನ್ನೂ ನಡೆದಿದೆ.

108ಕ್ಕೆ ಫೋನ್ ಮಾಡಲು ನೆಟ್‌ವರ್ಕ್ ಸಿಗುವುದು ದಣಪೆಯ (ಬೇಲಿಯ ಗಳುಗಳ ಗೇಟಿನ) ಹತ್ತಿರ ಮಾತ್ರ. ಅಲ್ಲಿಗೆ ಟಾರ್ಚು ಹಿಡಿದು ಓಡುವ ಕೆಲಸ ತಮ್ಮನದು. ಪಕ್ಕದ ಮನೆಯ ಜೀಪಿನವರಿಗೂ ಹೇಳಿಟ್ಟಿದ್ದೇವೆ.

ನಿನ್ನೆ ರಾತ್ರಿ 11:40ಕ್ಕೆ ಹೊಟ್ಟೆ ಬಿಗಿಯಿತು, 35 ಸೆಕೆಂಡು. ಮೊದಲ ಸಾಲಿನಲ್ಲಿ ಬರೆದು ಪೆನ್ನು ಹಿಡಿದೇ ಕೂತೆ. ಹನ್ನೆರಡೂವರೆಯಾದರೂ ಎರಡನೇ ಸಾಲಿಗೆ ಏನೂ ಬರಲಿಲ್ಲ. ನೀರು ಕುಡಿದು ಮಲಗಿದೆ.