ಪ್ಯಾರಿಸ್ ಒಪೇರಾದ ಕೆಳಗೆ ಕೆರೆ ಇದೆಯಾ?

ಓದುಗರ ಪ್ರಶ್ನೆ: ಪ್ಯಾರಿಸ್‌ಗೆ ಹೊರಟಿದ್ದೇವೆ. ಅಲ್ಲಿನ ಹಳೇ ಒಪೇರಾ ಹೌಸನ್ನು ಷೋ ಟಿಕೆಟ್ ಇಲ್ಲದೆ ನೋಡಬಹುದಾ? ಕೆಳಗಿರುವ ಕೆರೆಯನ್ನೂ ತೋರಿಸುತ್ತಾರಾ?

ಮೊದಲನೆಯದಕ್ಕೆ ಉತ್ತರ ಸುಲಭ. ನೋಡಬಹುದು. ಹಗಲು ಹೊತ್ತು ಕಟ್ಟಡ ನೋಡುವುದಕ್ಕೆಂದೇ ಬೇರೆ ಟಿಕೆಟ್ ಇದೆ. ಆನ್‌ಲೈನ್‌ನಲ್ಲೇ ಬುಕ್ ಮಾಡಿಕೊಳ್ಳಿ. ಕೋಟು, ಸೂಟು ಏನೂ ಬೇಡ. ರಿಹರ್ಸಲ್ ಇರುವ ದಿನ ಸಭಾಂಗಣದ ಒಳಗೆ ಬಿಡದೇ ಇರಬಹುದು, ಅದನ್ನು ಮಾತ್ರ ದುಡ್ಡು ಕಟ್ಟುವ ಮೊದಲೇ ನೋಡಿಕೊಳ್ಳಿ. ಮೆಟ್ರೋದಲ್ಲಿ 'ಒಪೇರಾ' ಸ್ಟೇಷನ್‌ನಲ್ಲಿ ಇಳಿಯಿರಿ. 'ಬಾಸ್ತಿ'ಯಲ್ಲಿ ಇಳಿದರೆ 1989ರ ಹೊಸ ಒಪೇರಾ ಸಿಗುತ್ತದೆ. ನಿಮಗೆ ಬೇಕಾದದ್ದು 1875ರ ಪಲೇ ಗಾರ್ನಿಯೇ.

ಈಗ ಕೆರೆ ವಿಚಾರ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಆದರೂ ಪ್ರತಿ ಬೇಸಿಗೆ ರಜೆಗೆ ಮತ್ತೆ ಬರುತ್ತದೆ. ದಯವಿಟ್ಟು ಈ ಸಲ ಪೂರ್ತಿ ಓದಿ.

ಅಲ್ಲಿ ಕೆರೆ ಇಲ್ಲ. ದೋಣಿಯೂ ಇಲ್ಲ. ಇರುವುದು ಒಂದು ಸಂಪು. ನಮ್ಮ ಮನೆ ಮುಂದೆ ಮುಚ್ಚಳದ ಕೆಳಗೆ ಇರುತ್ತಲ್ಲ, ಅದೇ ಜಾತಿಯದು, ತುಂಬಾ ದೊಡ್ಡದು ಅಷ್ಟೆ. ಕಟ್ಟಡ ಮುಗಿದ ಮೇಲೆ ನೀರು ನುಗ್ಗಿ ಆದದ್ದಲ್ಲ ಅದು, ಬೇಕೆಂದೇ ಕಟ್ಟಿ, ಬೇಕೆಂದೇ ತುಂಬಿಸಿದ್ದು.

ಯಾಕೆ ಅಂತ ಹೇಳುತ್ತೇನೆ. ಒಪೇರಾ ಹೌಸ್ ವಿನ್ಯಾಸದ ಸ್ಪರ್ಧೆಗೆ 171 ಜನ ನಕ್ಷೆ ಕಳಿಸಿದ್ದರು. 1861ರಲ್ಲಿ ಗೆದ್ದವನು ಶಾರ್ಲ್ ಗಾರ್ನಿಯೇ. ಆಗ ಅವನಿಗೆ 35 ವರ್ಷ. ಅಷ್ಟೇನೂ ಹೆಸರು ಮಾಡಿರದ ಹುಡುಗ. ಪಾಯ ತೋಡಲು ಶುರುಮಾಡಿದರೆ ನೀರು ಉಕ್ಕಿತು. ಪಾಯವನ್ನು ಮೇಲೆಯೇ ನಿಲ್ಲಿಸೋಣ ಅಂದರೆ ಆಗುವ ಮಾತಲ್ಲ. ಪರದೆ, ಸೀನು, ಯಂತ್ರ ಎಲ್ಲವನ್ನೂ ವೇದಿಕೆಯ ಕೆಳಗೆ ಇಳಿಸಬೇಕು, ಅದಕ್ಕೆ ಆಳ ಬೇಕೇ ಬೇಕು. ಹಬೆಯ ಪಂಪುಗಳನ್ನಿಟ್ಟು ತಿಂಗಳುಗಟ್ಟಲೆ ಹಗಲೂ ರಾತ್ರಿ ನೀರು ಎತ್ತಿದರು. ಆಮೇಲೆ ತಳಕ್ಕೆ ಕಾಂಕ್ರೀಟ್ ಹಾಕಿ, ಗೋಡೆ ಎಬ್ಬಿಸಿ, ಎಲ್ಲಕ್ಕಿಂತ ಕೆಳಗೆ ತೊಟ್ಟಿ ಕಟ್ಟಿ, ಅದಕ್ಕೆ ನೀರು ಬಿಟ್ಟರು.

ಇಷ್ಟು ಕಷ್ಟಪಟ್ಟು ಖಾಲಿ ಮಾಡಿದ ಜಾಗಕ್ಕೆ ಮತ್ತೆ ನೀರಾ? ಹೌದು. ಮನೆ ಕಟ್ಟಿಸಿದವರು ಯಾರಾದರೂ ಇದ್ದರೆ ಥಟ್ಟನೆ ಹೇಳುತ್ತಾರೆ. ಅಂತರ್ಜಲ ಮೇಲಿರುವ ಕಡೆ ಮಳೆಗಾಲದಲ್ಲಿ ಹೊಸ ಸಂಪನ್ನು ಖಾಲಿ ಬಿಡಬೇಡಿ ಅಂತ ಮೇಸ್ತ್ರಿ ಎಚ್ಚರಿಸುತ್ತಾರೆ, ಅಲ್ವಾ? ಸುತ್ತಲಿನ ನೀರು ಒತ್ತಿದರೆ ಖಾಲಿ ತೊಟ್ಟಿ ಬಿರುಕು ಬಿಡುತ್ತದೆ, ಇಲ್ಲವೇ ಮೇಲೇಳುತ್ತದೆ. ಒಳಗೆ ನೀರಿದ್ದರೆ ಅದು ಆ ಒತ್ತಡಕ್ಕೆ ಎದುರು ನಿಲ್ಲುತ್ತದೆ. ಗಾರ್ನಿಯೇ ಮಾಡಿದ್ದು ಇದನ್ನೇ. ಬೆಂಕಿ ಬಿದ್ದರೆ ಕೈಗೆ ನೀರೂ ಸಿಗುತ್ತದೆ. ಅದು ಸುಮ್ನೆ ಹೆದರಿಕೆ ಆಗಿರಲಿಲ್ಲ. ಗ್ಯಾಸ್ ದೀಪದ ಕಾಲ. ಪ್ಯಾರಿಸ್ಸಿನ ಹಿಂದಿನ ಒಪೇರಾ ಹೌಸ್ 1873ರಲ್ಲಿ ಸುಟ್ಟೇಹೋಯಿತು. ಇಂದಿಗೂ ಪ್ಯಾರಿಸ್ಸಿನ ಅಗ್ನಿಶಾಮಕ ದಳದವರು ಈ ತೊಟ್ಟಿಯ ಕತ್ತಲಲ್ಲಿ ಈಜಿ ಅಭ್ಯಾಸ ಮಾಡುತ್ತಾರೆ. ಪ್ರವಾಸಿಗಳ ಟಿಕೆಟ್‌ನಲ್ಲಿ ಅಲ್ಲಿಗೆ ಬಿಡುವುದಿಲ್ಲ.

ಕೆರೆ, ದೋಣಿ, ಮುಖವಾಡದ ಮನುಷ್ಯ ಎಲ್ಲವೂ ಗಾಸ್ತೋ ಲೆರೂ 1910ರಲ್ಲಿ ಪುಸ್ತಕವಾಗಿ ತಂದ 'ಫ್ಯಾಂಟಮ್ ಆಫ್ ದಿ ಒಪೇರಾ' ಕಾದಂಬರಿಯಿಂದ ಬಂದವು. ಅದರಲ್ಲಿ ತೂಗುದೀಪ ಜನರ ಮೇಲೆ ಬೀಳುತ್ತದೆ. ನಿಜವಾಗಿ 1896ರಲ್ಲಿ ಬಿದ್ದದ್ದು ದೀಪವಲ್ಲ, ಅದರ ತೂಕ ಸರಿದೂಗಿಸಲು ಕಟ್ಟಿದ್ದ ಒಂದು ಭಾರ. ಒಬ್ಬ ಹೆಂಗಸು ತೀರಿಕೊಂಡರು. ಕಥೆ ಓದಿ ಖುಷಿಪಡಿ, ನಾನೂ ಪಟ್ಟಿದ್ದೇನೆ. ಆದರೆ ಆ ಮೇಸ್ತ್ರಿಗಳ ಬುದ್ಧಿ ನನಗೆ ಕಥೆಗಿಂತ ಜಾಸ್ತಿ ಇಷ್ಟ.

ಒಳಗೆ ಹೋದವರು ಕೆರೆಗೆ ದಾರಿ ಹುಡುಕುತ್ತಾ ದೊಡ್ಡ ಮೆಟ್ಟಿಲನ್ನು ಬೇಗ ಬೇಗ ದಾಟಿಬಿಡುತ್ತಾರೆ. ನನಗೆ ಬೇಜಾರಾಗುವುದು ಇಲ್ಲೇ. ಅಲ್ಲಿ ನಿಂತು ಕಟಕಟೆಯನ್ನು ಹತ್ತಿರದಿಂದ ನೋಡಿ. ಬುಡದಲ್ಲಿ ಹಸಿರು ಅಮೃತಶಿಲೆ, ನಡುವಿನ ಕಂಬಗಳು ಕೆಂಪು, ಕೈ ಇಡುವ ಜಾಗದಲ್ಲಿ ಓನಿಕ್ಸ್ ಅನ್ನುವ ಕಲ್ಲು. ಬೆರಳಿಗೆ ತಣ್ಣಗೆ, ನುಣ್ಣಗೆ ಹತ್ತುತ್ತದೆ. ಆ ಕಾಲದ ಸಿರಿವಂತರಿಗೆ ಒಪೇರಾ ನೋಡುವಷ್ಟೇ ಮುಖ್ಯವಾದ ಕೆಲಸ ಈ ಮೆಟ್ಟಿಲ ಮೇಲೆ ಎಲ್ಲರ ಕಣ್ಣಿಗೆ ಬೀಳುವುದು. ಸುಮಾರು 2,000 ಸೀಟಿನ ಸಭಾಂಗಣಕ್ಕೆ ಇಷ್ಟು ದೊಡ್ಡ ಮೆಟ್ಟಿಲು ಬೇಕಾದದ್ದು ಅದಕ್ಕೇ.

ಸಭಾಂಗಣ ತೆರೆದಿದ್ದರೆ ತಲೆ ಎತ್ತಿ. ಚಿನ್ನ ಮತ್ತು ಕೆಂಪು ಮಖಮಲ್ಲಿನ ಮೇಲೆ ನೀಲಿ, ಹಳದಿ, ಹಸಿರು ತೇಲುವ ಚಿತ್ರ. ಇದು ಕಟ್ಟಡಕ್ಕೆ ಒಪ್ಪುವುದಿಲ್ಲವಲ್ಲ ಅಂತ ಹಲವರಿಗೆ ಅನ್ನಿಸುತ್ತದೆ. ಅದು 1964ರದು. ಚಿತ್ರಕಾರ ಮಾರ್ಕ್ ಶಗಾಲ್ ತನ್ನ 77ನೇ ವಯಸ್ಸಿನಲ್ಲಿ, ಸಂಭಾವನೆ ತಗೊಳ್ಳದೆ ಮಾಡಿಕೊಟ್ಟದ್ದು. ಹಳೇ ಚಿತ್ರವನ್ನು ಅಳಿಸಲಿಲ್ಲ. ಹೊಸದನ್ನು ಬೇರೆ ಚೌಕಟ್ಟಿನ ಮೇಲೆ ಕೂರಿಸಿದ್ದಾರೆ, ಹಳೆಯದು ಅದರ ಹಿಂದೆ ಹಾಗೇ ಇದೆ.

ಇಷ್ಟಾದ ಮೇಲೂ ನೆಲದಡಿ ಏನಿದೆ ಅನ್ನುವ ಕುತೂಹಲ ಉಳಿದಿದ್ದರೆ ಪ್ಯಾರಿಸ್ಸಿನಲ್ಲೇ ಇರುವ ಒರ್ಸೆ ಮ್ಯೂಸಿಯಂಗೆ ಹೋಗಿ. ಅಲ್ಲಿ ಇಡೀ ಒಪೇರಾ ಹೌಸನ್ನು ಹಲಸಿನ ಹಣ್ಣಿನ ಹಾಗೆ ಸೀಳಿ ತೋರಿಸುವ ಮಾದರಿ ಇದೆ. ಅದರಲ್ಲಿ ವೇದಿಕೆಯ ಹಲಗೆಯಿಂದ ಕೆಳಕ್ಕೆ ಅಂತಸ್ತುಗಳನ್ನು ಎಣಿಸಿಕೊಂಡು ಬನ್ನಿ.