ಆಗ ರುಚಿಸಿದ ದುಃಖದ ಕಥೆ ಈಗೇಕೆ ಸಹಿಸಲಾಗದು?

ಪ್ರಶ್ನೆ: ಕಾಲೇಜಿನ ದಿನಗಳಲ್ಲಿ ಕೊಲೆ, ದೆವ್ವ, ಸಾವಿನ ಕಥೆಗಳನ್ನು ರಾತ್ರಿಯೆಲ್ಲ ಓದುತ್ತಿದ್ದೆ, ಶೋಕಗೀತೆಗಳನ್ನು ಹುಡುಕಿ ಕೇಳುತ್ತಿದ್ದೆ. ಈಗ 45 ವರ್ಷ. ಅಂಥದ್ದು ಶುರುವಾದರೆ ಎದ್ದು ಹೋಗುತ್ತೇನೆ. 16ರ ಮಗ ಅದರಲ್ಲೇ ಮುಳುಗಿದ್ದಾನೆ. ನಾನು ಅಂಜುಬುರುಕಿಯಾದೆನೇ?

ಉತ್ತರ: ಖಂಡಿತ ಇಲ್ಲ. ನಮ್ಮಲ್ಲಿ ಬಹಳಷ್ಟು ಮಂದಿ ಚಿಕ್ಕಂದಿನಲ್ಲೇ ಕೇಳಿದ ‘ಕೆರೆಗೆ ಹಾರ’ ಎಂಬ ಜನಪದ ಕಥನಗೀತೆಯನ್ನು ನೆನೆಯಿರಿ. ಕಟ್ಟಿಸಿದ ಕೆರೆಗೆ ನೀರು ಬಾರದಿದ್ದಾಗ ಕಿರಿಸೊಸೆ ಭಾಗೀರತಿಯನ್ನು ಬಲಿಕೊಡಲು ಮನೆಯವರು ನಿಶ್ಚಯಿಸುತ್ತಾರೆ. ಮರೆತು ಬಂದ ಬಂಗಾರದ ಬಟ್ಟಲನ್ನು ತರಲು ಹೋದ ಆಕೆ ಒಂದೊಂದೇ ಮೆಟ್ಟಿಲು ಏರಿದಂತೆಲ್ಲ ನೀರೂ ಪಾದ, ಮೊಣಕಾಲು, ನಡು ಎಂದು ಏರಿ ಬರುವ ಭಾಗಕ್ಕೆ ಚಿಕ್ಕವಳಿದ್ದಾಗ ನನಗೆ ಮೈ ಜುಮ್ಮೆನ್ನುತ್ತಿತ್ತು. ಅಜ್ಜಿಯಿಂದ ಅದನ್ನೇ ಮತ್ತೆ ಮತ್ತೆ ಹಾಡಿಸುತ್ತಿದ್ದೆ. ಮಗಳನ್ನು ಮದುವೆ ಮಾಡಿ ಕಳಿಸಿದ ಮೇಲೆ ಅದೇ ಹಾಡು ಕೇಳಿದಾಗ ನೀರಿನವರೆಗೂ ಹೋಗಲಾಗಲಿಲ್ಲ. ತವರಿಗೆ ಬಂದ ಭಾಗೀರತಿ, ಕಣ್ಣೀರೇಕೆಂದು ಕೇಳಿದ ಅಪ್ಪನಿಗೆ, ಅತ್ತೆ ಮಾವ ಬೇರೆ ಇಡುತ್ತಾರಂತೆ ಎಂದಷ್ಟೇ ಹೇಳುತ್ತಾಳೆ. ಇಟ್ಟರೆ ಇಡಲಿ, ಹೊಲಮನೆ ಕೊಡಿಸುತ್ತೇನೆ ಎಂದು ಅವನು ಸಮಾಧಾನ ಮಾಡುತ್ತಾನೆ. ನಿಜ ತಿಳಿಯುವುದು ಗೆಳತಿಗೆ ಮಾತ್ರ. ಆ ಹೊಲಮನೆಯ ಮಾತು ಬಂದಾಗಲೆಲ್ಲ ಅಜ್ಜಿಯ ದನಿ ಏಕೆ ತಗ್ಗುತ್ತಿತ್ತೆಂಬುದು ನನಗೆ ಗೊತ್ತಾದದ್ದು ಅಂದು.

ಮನೋವಿಜ್ಞಾನ ಇದಕ್ಕೆ ಎರಡು ಕಾರಣಗಳನ್ನು ಕೊಡುತ್ತದೆ. ತೀವ್ರವೂ ಹೊಸದೂ ಆದ ಅನುಭವಕ್ಕಾಗಿ ಹಾತೊರೆಯುವ ಸ್ವಭಾವವನ್ನು ಅಮೆರಿಕದ ಮಾರ್ವಿನ್ ಝುಕರ್‌ಮನ್ 1960ರ ದಶಕದಿಂದ ಅಳೆಯುತ್ತ ಬಂದರು. ಅದು ಹದಿಹರೆಯದ ಕೊನೆಯ ಹೊತ್ತಿಗೆ ಉತ್ಕಟವಾಗಿದ್ದು, ಮುಂದೆ ವಯಸ್ಸಿನೊಂದಿಗೆ ಇಳಿಯುತ್ತದೆ. ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಲಾರಾ ಕಾರ್ಸ್ಟೆನ್ಸನ್ ಅವರ ಸಿದ್ಧಾಂತದ ಪ್ರಕಾರ, ಮುಂದಿರುವ ಕಾಲ ಕಡಿಮೆಯಾಗುತ್ತಿದೆ ಎಂಬ ಅರಿವು ಬಲಿತಂತೆ ಮನುಷ್ಯ ಹೊಸದನ್ನು ಹುಡುಕುವುದನ್ನು ಕಡಿಮೆ ಮಾಡಿ, ಮನಸ್ಸಿಗೆ ನೆಮ್ಮದಿ ಕೊಡುವ ಸಂಗತಿಗಳತ್ತ ಹೆಚ್ಚು ಒಲಿಯುತ್ತಾನೆ.

ಆದರೆ ನಿಮ್ಮ ಅನುಭವಕ್ಕೆ ಇನ್ನೂ ಹತ್ತಿರದ ಮಾತನ್ನು ಸಾವಿರ ವರ್ಷಗಳ ಹಿಂದೆ ಕಾಶ್ಮೀರದ ಅಭಿನವಗುಪ್ತ ಹೇಳಿದ್ದಾನೆ ಎಂಬುದು ನನ್ನ ನಂಬಿಕೆ. ಭರತನ ನಾಟ್ಯಶಾಸ್ತ್ರಕ್ಕೆ ಬರೆದ ವ್ಯಾಖ್ಯಾನದಲ್ಲಿ ಅವನು ರಸಾನುಭವಕ್ಕೆ, ಎಂದರೆ ಕಲೆಯಲ್ಲಿನ ಭಾವವನ್ನು ಸವಿಯುವುದಕ್ಕೆ, ಅಡ್ಡಿಯಾಗುವ ಏಳು ವಿಘ್ನಗಳನ್ನು ಎಣಿಸುತ್ತಾನೆ. ನೋಡುವವನು ತನ್ನದೇ ಸುಖದುಃಖಗಳಿಗೆ ವಶನಾಗಿಬಿಡುವುದು ಅವುಗಳಲ್ಲಿ ಒಂದು. ಶೋಕವು ಯಾರೊಬ್ಬರದೂ ಅಲ್ಲದೆ ಎಲ್ಲರದೂ ಆಗಿ ನಿಂತಾಗ ಮಾತ್ರ ಕರುಣರಸವಾಗುತ್ತದೆ. ಅದು ನನ್ನ ಮಗಳ, ನನ್ನ ಮನೆಯ ಶೋಕವಾದ ಕ್ಷಣ ರಸ ಕೆಟ್ಟು ಬರಿಯ ನೋವು ಉಳಿಯುತ್ತದೆ. ಇಪ್ಪತ್ತರಲ್ಲಿ ಸಾವು ಪರರ ಮನೆಯ ಸುದ್ದಿಯಾಗಿತ್ತು. ಈಗ ನಿಮಗೆ ಆಸ್ಪತ್ರೆಯ ಕಾರಿಡಾರು ಗೊತ್ತು, ನಡುರಾತ್ರಿ ಬರುವ ಫೋನು ಗೊತ್ತು. ಎಲ್ಲ ವಿಷಾದವೂ ಹೀಗೆ ದೂರವಾಗುವುದಿಲ್ಲ: ರಕ್ತಪಾತದ ಕಥೆಯನ್ನು ಬಿಟ್ಟವರೇ ತತ್ವಪದಗಳನ್ನು ಕೇಳುತ್ತ ಕೂರುವುದನ್ನು ನಾನು ಕಂಡಿದ್ದೇನೆ.

ಮಗನ ವಿಷಯದಲ್ಲಿ, ಆ ಸಂಗೀತವನ್ನು ಕಿತ್ತುಕೊಳ್ಳಬೇಡಿ. ತನ್ನೊಳಗಿನ ಕೋಪಕ್ಕೂ ಒಂಟಿತನಕ್ಕೂ ಇನ್ನೂ ಹೆಸರು ಸಿಗದ ವಯಸ್ಸಿನಲ್ಲಿ ಅವು ಬೇರೊಬ್ಬರ ದನಿಯಲ್ಲಿ ಕೇಳಿಸಿದರೆ ಹಗುರವೆನಿಸುತ್ತದೆ. ಅವನು ಊಟ, ನಿದ್ದೆ, ಗೆಳೆಯರನ್ನು ವಾರಗಟ್ಟಲೆ ಬಿಟ್ಟಂತೆ ಕಂಡರೆ ಹಾಡಿನ ಮಾತು ಎತ್ತದೆ ಅವನ ಪಕ್ಕದಲ್ಲಿ ಕುಳಿತು ವಿಚಾರಿಸಿ, ಅಗತ್ಯವೆನಿಸಿದರೆ ವೈದ್ಯರ ಬಳಿ ಕರೆದೊಯ್ಯಿರಿ. ಹಾಗೇನೂ ಇಲ್ಲದಿದ್ದರೆ, ಅವನಿಗೆ ಅತ್ಯಂತ ಇಷ್ಟವಾದ ಒಂದು ಹಾಡನ್ನು ನಿಮಗೂ ಕೇಳಿಸಲು ಹೇಳಿ.